ಗೆಣಸಿನ ಬಳ್ಳಿ, ಲೆಕ್ಕದ ಪುಸ್ತಕ

ಮೊದಲ ದಿನ: ಯಳಂದೂರು ದಾಟಿ ಬೆಟ್ಟಕ್ಕೆ

ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರಲ್ಲಿ ಹೆಚ್ಚಿನವರು ರಂಗಪ್ಪನನ್ನು ನೋಡಲು ಹೋಗುತ್ತಾರೆ, ಉಳಿದವರು ಹುಲಿ ನೋಡಲು. ನಾವು ಹೊರಟದ್ದು ಕಾಫಿ, ಜೇನಿನ ನೆಪದಲ್ಲಿ. ಗೆಳತಿ ಮೈಸೂರಿನಲ್ಲಿ ಪುಟ್ಟದೊಂದು ಸಾವಯವ ಅಂಗಡಿ ಇಟ್ಟಿದ್ದಾಳೆ. ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ಜೇನನ್ನು ಅವರ ಸಂಘದಿಂದ ತರಿಸಿ ಮಾರುತ್ತಾಳೆಯೇ ಹೊರತು ಅದು ಬರುವ ಜಾಗ ಕಂಡವಳಲ್ಲ. ‘ಸಂಘದವರು ಕರೀತಾನೇ ಇದ್ದಾರೆ, ಕಾಫಿ ಕೊಯ್ಲಿನ ಹೊತ್ತಿಗೆ ಹೋಗಿಬರೋಣ ಬಾರೇ’ ಅಂದಳು. ಡಿಸೆಂಬರ್ ಮೊದಲ ವಾರ ಅವಳ ಹಳೇ ಕಾರಿನಲ್ಲಿ ಹೊರಟೆವು.

ತಿರುಮಕೂಡಲು ನರಸೀಪುರ ದಾಟಿ ಮೂಗೂರು, ಸಂತೇಮರಹಳ್ಳಿ. ಡಿಸೆಂಬರಿನಲ್ಲಿ ಈ ದಾರಿಯಲ್ಲಿ ಕಾರು ಓಡಿಸುವವರಿಗೆ ಒಂದು ಕಿವಿಮಾತು. ಹುರುಳಿ ಕಿತ್ತು ತಂದು ಟಾರು ರಸ್ತೆಯ ಮೇಲೇ ಹರಡಿರುತ್ತಾರೆ, ಹೋಗಿ ಬರುವ ಗಾಡಿಗಳೇ ರೋಣಗಲ್ಲು. ಅದರ ಸೊಪ್ಪು ಕಾರಿನ ತಳಕ್ಕೆ ಸುತ್ತಿಕೊಂಡರೆ ಬಿಸಿಗೆ ಹೊತ್ತಿಕೊಳ್ಳುವುದೂ ಉಂಟು. ಸಂತೇಮರಹಳ್ಳಿಯಲ್ಲಿ ಇಡ್ಲಿ ತಿನ್ನಲು ನಿಂತಾಗ ಹೋಟೆಲಿನ ಹುಡುಗನೇ ಬಗ್ಗಿ ನೋಡಿ ಒಂದು ಹೊರೆ ಹುರುಳಿ ಬಳ್ಳಿ ಎಳೆದು ಹಾಕಿದ. ‘ಇನ್ನೊಂದೀಟು ದೂರ ಹೋಗಿದ್ರ ಹೊಗೆ ಬತ್ತಿತ್ತು ಅಕ್ಕ’ ಅಂದ. ಆಮೇಲೆ ರಾಶಿ ಕಂಡಲ್ಲೆಲ್ಲ ಪಕ್ಕಕ್ಕೆ ಇಳಿಸಿಯೇ ಹೋದೆವು.

ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೆಮಂಟಪದ ಮುಂದೆ ಹತ್ತು ನಿಮಿಷ ನಿಂತೆವು. ಕಲ್ಲಿನಲ್ಲಿ ಕೊರೆದ ಬಳೆಗಳು ಒಂದರೊಳಗೊಂದು ಸರಪಣಿಯಾಗಿ ಜೋತಾಡುತ್ತವೆ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕ ಊರು ಇದು. ಈಗ ಊರ ತುಂಬ ಆಲೆಮನೆಯ ಹೊಗೆ, ಬೆಲ್ಲದ ವಾಸನೆ. ಇಲ್ಲಿಂದ ಗುಂಬಳ್ಳಿ. ಅಲ್ಲಿನ ಸರ್ಕಾರಿ ಆರೋಗ್ಯ ಕೇಂದ್ರವನ್ನು 1996ರಲ್ಲಿ ಕರುಣಾ ಟ್ರಸ್ಟ್ ನಡೆಸಲು ವಹಿಸಿಕೊಂಡಿತು. ಬೆಟ್ಟದ ಕಥೆಯ ಮುಖ್ಯ ಎಳೆಯೊಂದು ಈ ಟ್ರಸ್ಟ್ ಕಟ್ಟಿದ ಡಾ. ಎಚ್. ಸುದರ್ಶನ್, ಆ ಮಾತು ಮುಂದೆ ಬರುತ್ತದೆ.

ಚೆಕ್‌ಪೋಸ್ಟಿನಲ್ಲಿ ಕಾರಿನ ನಂಬರು ಬರೆಸಿ, ನೀರಿನ ಪ್ಲಾಸ್ಟಿಕ್ ಬಾಟಲಿ ಎಷ್ಟಿವೆ ಅಂತ ತೋರಿಸಿ ಮೇಲೆ ಹತ್ತಿದೆವು. ಕತ್ತಲಾದ ಮೇಲೆ ಬಿಡುವುದಿಲ್ಲ, ಬೆಳಕಿರುವಾಗಲೇ ಗೇಟು ದಾಟಿಬಿಡಬೇಕು. ಬುಡದಲ್ಲಿ ಬಿಸಿಲಿಗೆ ಒಣಗಿದ ಕುರುಚಲು. ತಿರುವು ಏರಿದಂತೆ ಮರಗಳು ಉದ್ದವಾಗುತ್ತವೆ, ಗಾಳಿ ತಣ್ಣಗಾಗುತ್ತದೆ. ಆದರೆ ರಸ್ತೆಯ ಎರಡೂ ಬದಿಗೆ ಕಣ್ಣಿಗೆ ಬೀಳುವುದು ಮರವಲ್ಲ, ಲಂಟಾನ. ನಸುಗೆಂಪು, ಹಳದಿ ಹೂವಿನ ಆ ಪೊದೆ ಆಳೆತ್ತರಕ್ಕೆ ಗೋಡೆಯಂತೆ ನಿಂತಿದೆ. ಚಂದಕ್ಕೆಂದು ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಈ ದೇಶಕ್ಕೆ ತಂದ ಗಿಡ, ಈಗ ಕಾಡೇ ಅದರದ್ದು.

ದೇವಸ್ಥಾನ ಬಂಡೆಯ ಅಂಚಿನಲ್ಲಿದೆ. ಗಾಳಿ ಸೆರಗನ್ನು ಹಿಡಿದುಕೊಳ್ಳಲೂ ಬಿಡುವುದಿಲ್ಲ. ರಂಗಪ್ಪ ರಾತ್ರಿ ಕಾಡು ಸುತ್ತುತ್ತಾನೆ, ಅದಕ್ಕೇ ಅವನಿಗೆ ದೊಡ್ಡ ಚರ್ಮದ ಪಾದುಕೆ ಹರಕೆ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದವನು ಅವನು. ಹಾಗಾಗಿ ಸೋಲಿಗರಿಗೆ ರಂಗಪ್ಪ ದೇವರಿಗಿಂತ ಮೊದಲು ಭಾವ. ನಾವು ಕೈಮುಗಿದು ಬರುವಷ್ಟರಲ್ಲಿ ಕೋತಿಯೊಂದು ಕಾರಿನ ಅರೆತೆರೆದ ಕಿಟಕಿಯಿಂದ ಬಾಳೆಹಣ್ಣಿನ ಚಿಪ್ಪು ಎತ್ತಿಕೊಂಡು, ಎದುರಿಗೇ ಕುಳಿತು ಸುಲಿದು ತಿನ್ನುತ್ತಿತ್ತು.

ಸಂಜೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆವರಣದಲ್ಲಿ ಸುತ್ತಾಡಿದೆವು. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ಸಂಸ್ಥೆ. ಆಸ್ಪತ್ರೆಯಿಂದ ಶುರುವಾಗಿ ಶಾಲೆ, ಕಸುಬು ತರಬೇತಿ, ಸಂಘಟನೆ ಅಂತ ಬೆಳೆಯಿತು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಬಂತು. ಈ ಶಾಲೆಯಲ್ಲಿ ಓದಿದ ಹುಡುಗರೇ ಇವತ್ತು ಸಂಘ ನಡೆಸುತ್ತಾರೆ, ಕಾಡಿನ ಗಣತಿಗೆ ಹೋಗುತ್ತಾರೆ, ಅಧಿಕಾರಿಗಳ ಮುಂದೆ ಕುಳಿತು ಕಾಯಿದೆಯ ಕಲಮು ಹೇಳುತ್ತಾರೆ. ಹಾಗೆ ಬೆಳೆದ ಸೋಲಿಗರ ಸಿ. ಮಾದೇಗೌಡರು ಡಾಕ್ಟರೇಟ್ ಪಡೆದು ಅರಣ್ಯ ಹಕ್ಕಿನ ಹೋರಾಟದ ಮುಂಚೂಣಿಯಲ್ಲಿರುವುದು ಜಿಲ್ಲೆಗೆಲ್ಲ ಗೊತ್ತಿರುವ ಸಂಗತಿ.

ರಾತ್ರಿ ಕಂಬಳಿ ಎರಡಿದ್ದರೂ ಸಾಲಲಿಲ್ಲ. ಡಿಸೆಂಬರಿನಲ್ಲಿ ಹೋಗುವವರು ಸ್ವೆಟರಿನ ಜೊತೆ ಕಾಲುಚೀಲವನ್ನೂ ಒಯ್ಯಿರಿ.

ಎರಡನೇ ದಿನ: ಪೋಡಿನಲ್ಲಿ

ಸೋಲಿಗರ ಊರಿಗೆ ಪೋಡು ಅನ್ನುತ್ತಾರೆ. ನಮ್ಮನ್ನು ಕರೆದೊಯ್ಯಲು ಬಂದದ್ದು ಸಂಘದ ಒಬ್ಬ ಯುವಕ ಮತ್ತು ಅವನ ಚಿಕ್ಕಮ್ಮ. ಇಬ್ಬರೂ ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯವರ ಜೊತೆ ಹಿಂದೆ ಕೆಲಸ ಮಾಡಿದವರು. ಏಟ್ರೀಯವರು 1990ರ ದಶಕದಿಂದಲೂ ಈ ಬೆಟ್ಟದಲ್ಲಿ ಸೋಲಿಗರೊಡನೆ ಸೇರಿ ನೆಲ್ಲಿ, ಜೇನು, ಲಂಟಾನದ ಮೇಲೆ ಅಧ್ಯಯನ ಮಾಡಿಕೊಂಡು ಬಂದಿದ್ದಾರೆ. ಮಣ್ಣಿನ ದಾರಿಯಲ್ಲಿ ಅರ್ಧ ಹೋಗುವಷ್ಟರಲ್ಲಿ ಕಾರಿನ ತಳಕ್ಕೆ ಕಲ್ಲು ಬಡಿದು ಸೈಲೆನ್ಸರ್ ಜೋತುಬಿತ್ತು. ಯುವಕ ಪಕ್ಕದ ಬೇಲಿಯಿಂದ ಕಟ್ಟುತಂತಿ ಬಿಚ್ಚಿಕೊಂಡು ಬಂದು ಮಲಗಿ ಬಿಗಿದ. ಮೈಸೂರು ಮುಟ್ಟುವವರೆಗೂ ಆ ತಂತಿಯೇ ಕಾಪಾಡಿತು. ಇಲ್ಲಿಗೆ ಜೀಪೇ ಸರಿ.

ಪೋಡಿನ ನಡುವಿನ ಹೊಂಗೆ ಮರದ ಕೆಳಗೆ ಸಭೆ ನಡೆದಿತ್ತು. ಇಪ್ಪತ್ತು, ಇಪ್ಪತ್ತೈದು ಜನ. ವಿಷಯ, ನೆಲ್ಲಿಕಾಯಿ ಯಾವತ್ತಿನಿಂದ ಕೀಳುವುದು. ಒಬ್ಬರು ಮುಂದಿನ ವಾರ ಅನ್ನುತ್ತಾರೆ, ಇನ್ನೊಬ್ಬರು ಕಾಯಿ ಇನ್ನೂ ನೀರು ತುಂಬಿಲ್ಲ ಅನ್ನುತ್ತಾರೆ. ಹೆಂಗಸೊಬ್ಬರು ಎದ್ದು, ‘ಪಕ್ಕದ ಪೋಡ್ನವ್ರು ನೆನ್ನೆನೇ ಹೋಗವ್ರ, ನೀವಿಲ್ಲಿ ಕೂತ್ಕಂಡು ಪಂಚಾಯ್ತಿ ಮಾಡಿ’ ಅಂತ ಕಿಡಿ ಹಾರಿಸಿದರು. ಗಲಾಟೆ. ಕೊನೆಗೆ ನೋಟ್ ಪುಸ್ತಕ ಬಂತು. ನೀಲಿ ರಟ್ಟಿನ, ಅಂಚು ಇಲಿ ತಿಂದ ಪುಸ್ತಕ. ಪುಟದ ತುಂಬ ಗೆರೆ ಎಳೆದು, ಯಾವ ಹಳ್ಳದ ಮೇಲಿನ ಯಾವ ಮರ, ಎಷ್ಟು ಕೊಂಬೆಯಲ್ಲಿ ಕಾಯಿ, ಉಪ್ಪಿಲು ಹತ್ತಿದೆಯೋ ಇಲ್ಲವೋ ಅಂತ ಪೆನ್ಸಿಲಿನಲ್ಲಿ ಬರೆದಿದ್ದರು. ಅದನ್ನು ಓದಿ ಹೇಳಿದ ಮೇಲೆ ಮಾತು ತಣ್ಣಗಾಗಿ, ಹತ್ತು ದಿನ ಬಿಟ್ಟು ಕೀಳುವುದೆಂದು ಆಯಿತು.

ಉಪ್ಪಿಲು ಅಂದರೆ ಬದನಿಕೆ. ಹಕ್ಕಿ ತಿಂದು ಹಾಕಿದ ಬೀಜ ನೆಲ್ಲಿಯ ಕೊಂಬೆಯಲ್ಲೇ ಬೇರು ಬಿಟ್ಟು ಮರದ ರಸ ಹೀರಿ ಬೆಳೆಯುತ್ತದೆ. ಹತ್ತಿದ ಮರ ವರ್ಷಗಳಲ್ಲಿ ಸೊರಗಿ ಸಾಯುತ್ತದೆ. ಕಾಯಿಗಾಗಿ ಕೊಂಬೆ ಕಡಿಯಬಾರದು, ಕೋಲಿನಿಂದ ಉದುರಿಸಬೇಕು. ಉಪ್ಪಿಲು ಹತ್ತಿದ ಕೊಂಬೆಯನ್ನು ಮಾತ್ರ ಕಡಿದು ಹಾಕಬೇಕು. ಸಭೆಯ ಹಿಂದೆ ಬೀಡಿ ಹಚ್ಚಿ ಕುಳಿತಿದ್ದ ಹಿರಿಯರೊಬ್ಬರು ಇದಕ್ಕೆಲ್ಲ ಒಂದೇ ಕಾರಣ ಕೊಟ್ಟರು, ತರಗು ಬೆಂಕಿ ನಿಂತದ್ದು.

‘ಬ್ಯಾಸಗೆ ಮುಂಚನೇ ತರಗಿಗೆ ಬೆಂಕಿ ಕೊಡ್ತಿದ್ದೋ. ಮೊಣಕಾಲ್ಗಂಟ ಬೆಂಕಿ, ಅಷ್ಟೇಯ. ಉಪ್ಪಿಲು ಸಾಯ್ತಿತ್ತು, ಲಂಟಾನದ ಸಸಿ ಸಾಯ್ತಿತ್ತು, ಹುಲ್ಲು ಚಿಗುರ್ತಿತ್ತು. ಈಗ ಬೆಂಕಿ ಹಾಕ್ಬೇಡಿ ಅಂತಾರ. ಲಂಟಾನ ಹತ್ಕಂಡ್ರ ಮರದ ನೆತ್ತಿಗೇ ಹೋಯ್ತದ ಕನವ್ವ.’

ಅರಣ್ಯ ಇಲಾಖೆಗೆ ಕಾಡಿನಲ್ಲಿ ಬೆಂಕಿ ಅಂದರೆ ಅಪರಾಧ. ಸೋಲಿಗರಿಗೆ ಅದು ಬೇಸಾಯದ ಒಂದು ಕೆಲಸ. ಬೆಟ್ಟದಲ್ಲಿ ನಡೆದ ಅಧ್ಯಯನಗಳು ಇವರ ಮಾತನ್ನು ತಳ್ಳಿಹಾಕಿಲ್ಲ. ಆದರೂ ಇಷ್ಟು ಲಂಟಾನ ಒಣಗಿ ನಿಂತಿರುವಾಗ ಹಳೇ ಪದ್ಧತಿಗೆ ಥಟ್ಟನೆ ಮರಳುವುದು ಹೇಗೆ ಎಂಬ ಪ್ರಶ್ನೆ ನನ್ನಲ್ಲೂ ಉಳಿಯಿತು. ಮೊದಲು ಲಂಟಾನ ತೆಗೆಯಬೇಕು, ಆಮೇಲೆ ಬೆಂಕಿ. ತೆಗೆಯುವ ಕೂಲಿ ಯಾರು ಕೊಡುತ್ತಾರೆ ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ನಡೆಯುತ್ತ ಯುವಕ ಹೇಳಿದ ಕಥೆ ಇದು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಕಾಡಿನೊಳಗೆ ಚದುರಿಕೊಂಡು ಜಾಗ ಬದಲಿಸಿ ಬೇಸಾಯ ಮಾಡುತ್ತಿದ್ದವರನ್ನು ತಂದು ರಸ್ತೆ ಬದಿಯ ಪೋಡುಗಳಲ್ಲಿ ಕೂರಿಸಿದರು. ಬೇಟೆ ನಿಂತಿತು, ಕಾಡು ಸುಟ್ಟು ಬಿತ್ತುವುದು ನಿಂತಿತು. ಆಗ ಹೊಟ್ಟೆ ಹೊರೆದದ್ದು ಜೇನು, ನೆಲ್ಲಿ, ಪಾಚಿ, ಸೀಗೆ. ಅವನ್ನು ಕೊಳ್ಳಲು ಲ್ಯಾಂಪ್ಸ್ ಎಂಬ ಗಿರಿಜನ ಸಹಕಾರ ಸೊಸೈಟಿಗಳಿದ್ದವು. 2002ರಲ್ಲಿ ವನ್ಯಜೀವಿ ಕಾಯಿದೆಗೆ ತಿದ್ದುಪಡಿ ಬಂದು, ಮಾರಾಟಕ್ಕಾಗಿ ಕಾಡಿನ ಉತ್ಪನ್ನ ತರುವುದಕ್ಕೂ ತಡೆ ಬಿತ್ತು. ಆ ವರ್ಷಗಳಲ್ಲಿ ಪೋಡು ಪೋಡೇ ಕೂಲಿಗೆ ಇಳಿದು ಹೋಯಿತು. 2006ರ ಅರಣ್ಯ ಹಕ್ಕು ಕಾಯಿದೆ ಹಿಡಿದುಕೊಂಡು ಇವರು ಅರ್ಜಿ ಬರೆದರು, ನಕ್ಷೆ ಬರೆದರು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಬಂತು. ಹುಲಿ ಮೀಸಲಿನ ಒಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು ಸಿಕ್ಕಿದ್ದು ಇಲ್ಲಿ.

ಆ ನಕ್ಷೆಯ ಕಥೆ ಕೇಳುವಂಥದ್ದು. ಸೋಲಿಗರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದೇ ಎಲ್ಲೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಸತ್ತವರಿಗೆ ಕಲ್ಲಿಡುವ ಕಲ್ಲುಗುಡಿ, ನೀರಿನ ಅಬ್ಬಿ ಇರಲೇಬೇಕು. ಜಿಪಿಎಸ್ ಹಿಡಿದ ಹುಡುಗರು ಅಜ್ಜಂದಿರ ಹಿಂದೆ ನಡೆದು ಇಂಥ ನೂರಾರು ಜಾಗಗಳನ್ನು ಗುರುತು ಮಾಡಿದರು. ಸರ್ಕಾರಿ ನಕ್ಷೆಯಲ್ಲಿ ಬರೀ ಹಸಿರು ಬಣ್ಣವಿದ್ದ ಕಡೆಯೆಲ್ಲ ಹೆಸರು ಬಂತು.

ಎಲ್ಲಕ್ಕಿಂತ ದೊಡ್ಡ ಹೆಸರು ದೊಡ್ಡ ಸಂಪಿಗೆ. ಭಾರ್ಗವಿ ಹೊಳೆಯ ದಂಡೆಯಲ್ಲಿರುವ ಆ ಮರಕ್ಕೆ ಹೋಗಬೇಕೆಂದು ಮನೆಯಿಂದಲೇ ಆಸೆ ಕಟ್ಟಿಕೊಂಡು ಬಂದಿದ್ದೆ. ಇಲಾಖೆಯ ಅನುಮತಿ ಮೊದಲೇ ಪಡೆದುಕೊಂಡಿರಬೇಕು, ಅದನ್ನೂ ಪಡೆದಿದ್ದೆವು. ಆದರೆ ಹಳ್ಳದ ಆಚೆ ಮರಿಯಾನೆ ಜೊತೆಗಿದ್ದ ಗುಂಪು ಬೀಡುಬಿಟ್ಟಿತ್ತು. ಚಿಕ್ಕಮ್ಮ ಮೂಗೆತ್ತಿ ಎರಡು ಸಲ ಗಾಳಿ ಎಳೆದುಕೊಂಡು, ‘ಇವತ್ತು ಬ್ಯಾಡ’ ಅಂದರು. ವಾದಕ್ಕೆ ಜಾಗವಿರಲಿಲ್ಲ.

ಹೋಗದಿದ್ದುದರಿಂದ ಸಿಕ್ಕಿದ್ದು ಗೆಣಸು. ಹೊಲದಂಚಿನ ಪೊದೆಯಲ್ಲಿ ನೂರೆ ಗೆಣಸಿನ ಬಳ್ಳಿ ಒಣಗಿ ಹಳದಿಯಾಗಿತ್ತು. ಬಳ್ಳಿ ಒಣಗಿದಾಗಲೇ ಗೆಡ್ಡೆ ಬಲಿತಿರುತ್ತದೆ. ಚಿಕ್ಕಮ್ಮ ಬಳ್ಳಿಯ ಬುಡ ಹಿಡಿದು, ಅದು ಮಣ್ಣಿನೊಳಗೆ ಯಾವ ಕಡೆ ತಿರುಗಿದೆ ಅಂತ ಬೆರಳಲ್ಲೇ ತಡಕಿ, ಹಾರೆ ಹಾಕಲು ಜಾಗ ತೋರಿಸಿದರು. ಗೆಡ್ಡೆ ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ. ಅಗೆದಷ್ಟೂ ಇಳಿಯುತ್ತದೆ. ನನ್ನ ಸೊಂಟದವರೆಗೆ ಗುಂಡಿಯಾದ ಮೇಲೆ ಮೊಳದುದ್ದದ, ಕೂದಲಿನಂಥ ಬೇರು ಹೊದ್ದ ಗೆಣಸು ಮುರಿಯದೆ ಕೈಗೆ ಬಂತು. ಅವರು ಚಾಕುವಿನಿಂದ ಮೇಲಿನ ಅಂಗೈಯಗಲ ತುಂಡನ್ನು ಬಳ್ಳಿ ಸಮೇತ ಕೊಯ್ದು, ಅದೇ ಗುಂಡಿಗಿಟ್ಟು, ಮಣ್ಣೆಳೆದು ಕಾಲಲ್ಲಿ ಒತ್ತಿದರು.

‘ತಲೆ ಮಣ್ಣಿಗೇ ಮಡಗ್ಬುಡಬೇಕು ಅಕ್ಕ. ಬರೋ ವರ್ಸ ಇಲ್ಲೇ ಅದ ಅಂತ ನಮ್ಗೂ ಗೊತ್ತು, ಹಂದಿಗೂ ಗೊತ್ತು. ಮೊದ್ಲು ಯಾರು ಬತ್ತರ ಅವ್ರಿಗೆ.’

ಕೆಂಡದಲ್ಲಿ ಸುಟ್ಟು ಸಿಪ್ಪೆ ಕೆರೆದು ಕೊಟ್ಟರು. ಹೊರಗೆ ಹೊಗೆಯ ಘಮ, ಒಳಗೆ ಹಿಟ್ಟು ಹಿಟ್ಟು, ಸಿಹಿ ಇದೆಯೋ ಇಲ್ಲವೋ ಅನ್ನುವಷ್ಟು ಸಿಹಿ. ಜೊತೆಗೆ ಒಂದು ಚಮಚ ಜೇನು. ಊಟಕ್ಕೆ ಮುದ್ದೆ, ತಡಗುಣಿ ಕಾಳು ಹಾಕಿದ ಸೊಪ್ಪಿನ ಉಪ್ಸಾರು, ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ ಅರೆದ ಖಾರ. ಗೆಳತಿ ಎರಡನೇ ಮುದ್ದೆ ಕೇಳಿದಳು. ಮೈಸೂರಿನಲ್ಲಿ ಅವಳು ರಾತ್ರಿ ಓಟ್ಸ್ ತಿನ್ನುವವಳು ಅಂತ ನಾನು ಯಾರಿಗೂ ಹೇಳಲಿಲ್ಲ.

ಸಂಜೆ ರಾಗಿ ಹೊಲದ ಅಟ್ಟಣೆ ಹತ್ತಿದೆವು. ತೆನೆ ಕೊಯ್ಲಿಗೆ ಬಂದಾಗ ಮನೆಗೊಬ್ಬರು ರಾತ್ರಿಯಿಡೀ ಇಲ್ಲೇ. ಹಂದಿಗೆ ತಮಟೆ, ಆನೆಗೆ ಬೆಂಕಿ ಮತ್ತು ಬಾಯಿ. ಅಷ್ಟಾದರೂ ಅರ್ಧ ಹೋಗುತ್ತದೆ. ಪರಿಹಾರಕ್ಕೆ ಅರ್ಜಿ ಹಾಕಲು ಫೋಟೊ ಬೇಕು, ಪಹಣಿ ಬೇಕು. ಎಷ್ಟೋ ಜನರ ಹೊಲಕ್ಕೆ ಪಹಣಿಯೇ ಇಲ್ಲ. ರಾಗಿ ಬಿಟ್ಟು ಕಾಫಿ ಹಾಕಿದವರು ಯಾಕೆ ಹಾಕಿದರು ಅಂತ ಅಟ್ಟಣೆ ಮೇಲೆ ಕುಳಿತಾಗ ತಾನಾಗಿ ಅರ್ಥವಾಯಿತು. ಕಾಫಿಯನ್ನು ಆನೆ ಮೇಯುವುದಿಲ್ಲ.

ಮೂರನೇ ದಿನ: ಹಣ್ಣು ಕಾಫಿ, ಹೆಜ್ಜೇನು, ‘ಏನೂ ಇಲ್ಲ’

ಬೆಳಗ್ಗೆ ಮಂಜು ಎಷ್ಟಿತ್ತೆಂದರೆ ಎದುರಿನ ಮನೆಯ ಹುಂಜದ ಕೂಗು ಕೇಳುತ್ತಿತ್ತು, ಮನೆ ಕಾಣುತ್ತಿರಲಿಲ್ಲ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು ಕಾಫಿ ನೋಡಲು ಹೊರಟೆವು.

ಇಲ್ಲಿ ತೋಟವೆಂದರೆ ಕೊಡಗಿನ ಎಸ್ಟೇಟಲ್ಲ. ಮನೆ ಹಿಂದಿನ ಒಂದೆರಡು ಎಕರೆ, ಹಲಸು, ಬೆಳ್ಳಿ ಓಕ್ ನೆರಳು, ಮರಕ್ಕೆ ಹಬ್ಬಿದ ಮೆಣಸು, ನಡುವೆ ಅರೇಬಿಕಾ. ಬ್ರಿಟಿಷರ ಕಾಲದಲ್ಲಿ ಹೊನ್ನಮೇಟಿ ಕಡೆ ಎಸ್ಟೇಟು ಕಟ್ಟಿದಾಗ ಅಲ್ಲಿ ಕೂಲಿಗೆ ಹೋದವರು ಸೋಲಿಗರು. ಈಗ ಹಿತ್ತಿಲಿನಲ್ಲಿರುವುದು ಅವರದೇ ಗಿಡ. ಗೊಬ್ಬರ, ಔಷಧಿ ಯಾವುದೂ ಹಾಕುವುದಿಲ್ಲ. ಸಾವಯವ ಅನ್ನುವ ಹಟಕ್ಕಿಂತ, ಕೊಳ್ಳಲು ದುಡ್ಡಿಲ್ಲದ್ದೇ ಮೊದಲಿನ ಕಾರಣ ಅಂತ ಯುವಕ ನಕ್ಕ.

ತೊಂದರೆ ಇದ್ದದ್ದು ಮಾರುವಲ್ಲಿ. ಕೊಯ್ದ ದಿನವೇ ಹಣ್ಣು ಕಾಫಿಯನ್ನು ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಅಳೆದುಕೊಟ್ಟರೆ ಅವನು ಹೇಳಿದ್ದೇ ಬೆಲೆ. ಎಷ್ಟೋ ಸಲ ಮಳೆಗಾಲದಲ್ಲಿ ಅವನಿಂದಲೇ ಸಾಲ ತಂದಿರುತ್ತಾರೆ, ಚೌಕಾಸಿಗೆ ಬಾಯೇ ಇರುವುದಿಲ್ಲ. ಸಂಘ ಮಾಡಿದ್ದು ಎರಡೇ ಕೆಲಸ. ಪಲ್ಪರ್ ಇಟ್ಟಿತು, ತೂಕದ ಯಂತ್ರ ಇಟ್ಟಿತು. ಹಣ್ಣು ತಂದು ಸುರಿದರೆ ಪಲ್ಪರ್ ಸಿಪ್ಪೆ ಬಿಡಿಸುತ್ತದೆ, ಲೋಳೆ ಹತ್ತಿದ ಬೀಜ ಒಂದು ರಾತ್ರಿ ತೊಟ್ಟಿಯಲ್ಲಿ ಹುಳಿಯುತ್ತದೆ. ಬೆಳಗ್ಗೆ ತೊಳೆದು ಬಲೆಯ ಮಂಚದ ಮೇಲೆ ಹರಡುತ್ತಾರೆ. ಅಂದಾಜು ಐದು ಕಿಲೋ ಹಣ್ಣಿಗೆ ಒಂದು ಕಿಲೋ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಸಮೇತ ಒಣಗಿದ ಬೀಜ. ಅಲ್ಲಿದ್ದ ಹೆಂಗಸರು ಬೀಜ ಕಚ್ಚಿ ನೋಡಿ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದರು. ತೇವ ಅಳೆಯುವ ಯಂತ್ರ ಪಕ್ಕದಲ್ಲೇ ಇತ್ತು. ಮೊದಲು ಹಲ್ಲು, ಆಮೇಲೆ ಯಂತ್ರ. ಎರಡೂ ಒಂದೇ ಹೇಳಿದಾಗ ಎಲ್ಲರಿಗೂ ಖುಷಿ.

ಜೇನಿಗೆ ಇದು ಕಾಲವಲ್ಲ. ಹೆಜ್ಜೇನು ಇಳಿಸುವುದು ಬೇಸಗೆಯಲ್ಲಿ, ಮುಂಗಾರು ಕಟ್ಟಿಕೊಳ್ಳುವ ಮುಂಚೆ. ಡ್ರಮ್ಮಿನಲ್ಲಿ ಉಳಿದಿದ್ದುದನ್ನು ತೋರಿಸಿದರು. ರಿಫ್ರಾಕ್ಟೋಮೀಟರ್ ಎಂಬ ಅಂಗೈಯುದ್ದದ ಕೊಳವೆಯ ಗಾಜಿಗೆ ಒಂದು ಹನಿ ಸವರಿ, ಬೆಳಕಿಗೆ ಹಿಡಿದು ನೋಡಿದರೆ ಒಳಗೆ ನೀಲಿ, ಬಿಳಿ ಎರಡು ಭಾಗ ಕಾಣುತ್ತವೆ. ಎರಡೂ ಕೂಡುವ ಗೆರೆ ಯಾವ ಅಂಕಿಯ ಮೇಲಿದೆಯೋ ಅದು ನೀರಿನಂಶ. ಕಾಡಿನ ಹೆಜ್ಜೇನಿನಲ್ಲಿ ನೀರು ಜಾಸ್ತಿ, ಹಾಗೇ ಬಿಟ್ಟರೆ ಹುಳಿ ಬರುತ್ತದೆ. ‘ನಿಮ್ಮ ಜೇನು ತೆಳ್ಳಗಿದೆ, ಸಕ್ಕರೆ ಪಾಕ ಅಂತ ಗಿರಾಕಿಗಳು ಬೈತಾರೆ’ ಅಂತ ಗೆಳತಿ ಇಷ್ಟು ದಿನದ ದೂರು ಒಪ್ಪಿಸಿದಳು. ತೆಳ್ಳಗಿರುವುದೇ ಹೆಜ್ಜೇನಿನ ಗುಣ, ದಪ್ಪ ಬೇಕೆಂದರೆ ತುಡುವೆ ಜೇನು ಕೇಳಿ, ನೇರಳೆ ಹೂವಿನ ಕಾಲದ್ದಾದರೆ ಕಹಿಯೂ ಇರುತ್ತದೆ ಅಂತ ಅವಳಿಗೇ ಪಾಠವಾಯಿತು. ಜೇನುತಟ್ಟಿಯಲ್ಲಿ ಮರಿ ಇರುವ ಭಾಗ ಬಿಟ್ಟು ಜೇನಿನ ತಲೆ ಮಾತ್ರ ಕೊಯ್ಯುವುದು, ಒಂದೇ ಮರದಲ್ಲಿ ಹತ್ತು ತಟ್ಟಿ ಇದ್ದರೆ ಕೆಲವನ್ನು ಮುಟ್ಟದೇ ಇಳಿಯುವುದು, ಇವೆಲ್ಲ ಪಾಠದ ಮುಂದಿನ ಭಾಗ.

ಮಧ್ಯಾಹ್ನ ಚಿಕ್ಕಮ್ಮನ ಇನ್ನೊಂದು ಕೆಲಸ ನೋಡಿದೆ. ಮನೆಮನೆಗೆ ಹೋಗಿ ನಿನ್ನೆ ಏನು ಉಂಡಿರಿ ಅಂತ ಬರೆದುಕೊಳ್ಳುವುದು. ಯಾವ ಕಾಲದಲ್ಲಿ ಯಾವ ಸೊಪ್ಪು, ಗೆಡ್ಡೆ, ಅಣಬೆ ಇನ್ನೂ ತಟ್ಟೆಗೆ ಬರುತ್ತಿದೆ, ಯಾವುದು ಬಿಟ್ಟುಹೋಗಿದೆ ಎಂಬ ಲೆಕ್ಕ. ಒಲೆ ಮುಂದೆ ಕುಳಿತ ಅಜ್ಜಿಯನ್ನು ಕೇಳಿದರು.

‘ನೆನ್ನ ರಾತ್ರಿ ಯಾನ ಉಂಡ್ಯವ್ವ?’

‘ಏನೂ ಇಲ್ಲ. ಸೊಸೈಟಿ ಅಕ್ಕಿ ಅನ್ನ.’

‘ಅನ್ನಕ್ಕ?’

‘ಏನೂ ಇಲ್ಲ ಅಂದ್ನಲ್ಲ. ಬರೀ ಸೊಪ್ಪು.’

‘ಯಾವ ಸೊಪ್ಪು?’

ಅಜ್ಜಿ ಬೆರಳು ಮಡಿಚತೊಡಗಿದರು. ಅಣ್ಣೆ ಸೊಪ್ಪು, ಗಣಿಕೆ, ಕನ್ನೆ, ಕೀರೆ, ಕುಂಬಳದ ಕುಡಿ, ಹೊಲದಲ್ಲಿ ತಾನಾಗಿ ಹುಟ್ಟಿದ ಕಾಡು ಟೊಮ್ಯಾಟೊ ಎರಡು. ಒಂದು ಕೈ ಸಾಲದೆ ಇನ್ನೊಂದು ಕೈಗೆ ಹೋಯಿತು. ಇಷ್ಟನ್ನೂ ಸೇರಿಸಿ ಅವರ ಲೆಕ್ಕದಲ್ಲಿ ‘ಏನೂ ಇಲ್ಲ’. ಕೊಂಡು ತಂದದ್ದು ಮಾತ್ರ ಊಟ, ಬಾಗಿ ಕಿತ್ತದ್ದು ಊಟವಲ್ಲ ಅಂತ ಯಾವಾಗ ಆಯಿತೋ. ಚಿಕ್ಕಮ್ಮ ಒಂದೊಂದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಂಡರು. ಬೆಟ್ಟದಲ್ಲಿ ನಾನು ಕಂಡ ಕೆಲಸಗಳಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಇದೇ. ಹುಲಿಯನ್ನು ಎಣಿಸಲು ಕ್ಯಾಮೆರಾ ಇದೆ, ಸಿಬ್ಬಂದಿ ಇದ್ದಾರೆ. ಅಣ್ಣೆ ಸೊಪ್ಪನ್ನು ಎಣಿಸಲು ಈ ಹೆಂಗಸು ಮತ್ತು ಒಂದು ಬಾಲ್ ಪೆನ್ನು.

ಸರ್ಕಾರದ ಪೌಷ್ಟಿಕ ಆಹಾರದ ಚೀಲವೂ ಮೂಲೆಯಲ್ಲಿತ್ತು. ಕಾಡಿನ ಬುಡಕಟ್ಟುಗಳಿಗೆಂದು ಕೊಡುವ ಬೇಳೆ, ಎಣ್ಣೆ, ಬೆಲ್ಲ, ಮೊಟ್ಟೆ, ತುಪ್ಪ. ಮಳೆಗಾಲದಲ್ಲಿ ಕೂಲಿಯೂ ಇಲ್ಲದೆ, ಕಾಡಿಗೂ ಹೋಗಲಾಗದೆ ಇರುವಾಗ ಅದು ನಿಜಕ್ಕೂ ಜೀವ ಉಳಿಸುತ್ತದೆ. ಹಳಿಯುವ ಮಾತೇ ಇಲ್ಲ. ಆದರೆ ಅಕ್ಕಿ ಬಂದ ಮನೆಯಲ್ಲಿ ರಾಗಿ ಬಿತ್ತುವ ಹುರುಪು ತಗ್ಗುತ್ತದೆ, ರಾಗಿ ಹೋದರೆ ಅದರ ಜೊತೆಗಿನ ಅವರೆ, ಹುಚ್ಚೆಳ್ಳು, ಸಾಸಿವೆ, ತಾನಾಗಿ ಬರುವ ಬೆರಕೆ ಸೊಪ್ಪು ಎಲ್ಲವೂ ಹೋಗುತ್ತವೆ. ಅಜ್ಜಿಯ ಒಲೆಯ ಮೇಲೆ ಮುಸುಕಿನ ಜೋಳದ ತೆನೆಗಳು ಸಿಪ್ಪೆ ಸಮೇತ ಜಡೆ ಹಾಕಿ ನೇತಾಡುತ್ತಿದ್ದವು, ಹೊಗೆ ಹತ್ತಿ ಕಪ್ಪಗೆ ಹೊಳೆಯುತ್ತಿದ್ದವು. ಪಕ್ಕದಲ್ಲಿ ಸೋರೆಬುರುಡೆಯಲ್ಲಿ ಬೂದಿ ಬೆರೆಸಿದ ಅವರೆ ಬೀಜ. ಸಂಘದವರು ಈಗ ಇಂಥ ಬೀಜವನ್ನು ಮನೆಯಿಂದ ಮನೆಗೆ ಸಾಗಿಸುತ್ತಿದ್ದಾರೆ. ಒಂದು ಸೇರು ಕೊಂಡೊಯ್ದವರು ಸುಗ್ಗಿಗೆ ಎರಡು ಸೇರು ತಂದುಕೊಡಬೇಕು. ತರದವರ ಹೆಸರೂ ಪುಸ್ತಕದಲ್ಲಿದೆ, ಅಜ್ಜಿ ಅದನ್ನು ಬಾಯಿಪಾಠ ಒಪ್ಪಿಸಿದರು.

ಕ್ಯಾತದೇವರಗುಡಿ ಮೇಲೆ ಚಾಮರಾಜನಗರಕ್ಕೆ ಇಳಿಯುವ ದಾರಿಯಲ್ಲಿ ಕಾಟಿಗಳ ಹಿಂಡು, ಜಿಂಕೆ, ರಸ್ತೆ ನಡುವೆ ಇನ್ನೂ ಹಬೆಯಾಡುತ್ತಿದ್ದ ಆನೆ ಲದ್ದಿ. ಹುಲಿ ಕಾಣಲಿಲ್ಲ. ಇಲ್ಲಿ 2010ರಲ್ಲಿ 35 ಎಂದು ಲೆಕ್ಕ ಸಿಕ್ಕಿದ್ದ ಹುಲಿಗಳು 2014ರಲ್ಲಿ 68 ಆಗಿದ್ದವು. ಜನ ಒಳಗಿದ್ದರೂ ಹುಲಿ ಹೆಚ್ಚುತ್ತದೆ ಎಂಬುದಕ್ಕೆ ಈ ಅಂಕಿಯನ್ನು ಎಲ್ಲ ವೇದಿಕೆಯಲ್ಲೂ ಹೇಳುತ್ತಾರೆ. ಆಮೇಲಿನ ಗಣತಿಗಳಲ್ಲಿ ಅಷ್ಟು ಬಂದಿಲ್ಲ ಎಂಬುದನ್ನೂ ಹೇಳಬೇಕು. ಏರಿದ್ದಕ್ಕೆ ಸೋಲಿಗರು ಕಾರಣವೆಂದೋ, ಇಳಿದದ್ದಕ್ಕೆ ಅವರೇ ಕಾರಣವೆಂದೋ ಹೇಳುವ ಎರಡು ಗುಂಪಿನ ಗಡಿಬಿಡಿಯೂ ನನಗೆ ಒಪ್ಪಿಗೆಯಿಲ್ಲ. ಹಾಗೆ ನೋಡಿದರೆ ಬೆಟ್ಟದಲ್ಲಿ ಏಟ್ರೀ ವಿಜ್ಞಾನಿಗಳು ಕಂಡುಹಿಡಿದ ಹೊಸ ಕಣಜದ ಕುಲಕ್ಕೆ 2022ರಲ್ಲಿ ಸೋಲಿಗ ಎಂದೇ ಹೆಸರಿಟ್ಟದ್ದು ಹೆಚ್ಚು ಹಿಡಿಸಿತು. ಯುವಕ ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿ, ‘ನಮ್ಮ ಕುಲ ಒಂದು ಜಾಸ್ತಿಯಾಯ್ತು’ ಅಂದಿದ್ದ.

ರಾತ್ರಿ ಕೊಳ್ಳೇಗಾಲ. ಬಿಸಿನೀರು ಬರುವ ಲಾಡ್ಜು.

ನಾಲ್ಕನೇ ದಿನ: ಮಾದಪ್ಪನ ಬೆಟ್ಟದ ಲಂಟಾನ

ಹನೂರು ದಾಟಿ ತಾಳಬೆಟ್ಟದಿಂದ ತಿರುವಿನ ಮೇಲೆ ತಿರುವು. ಸೈಲೆನ್ಸರಿನ ತಂತಿ ಪ್ರತಿ ತಿರುವಿನಲ್ಲೂ ಕಿರುಗುಟ್ಟುತ್ತಿತ್ತು. ಮಾದಪ್ಪನಿಗೆ ನಡೆದು ಬರುವ ಹರಕೆಯವರ ಗುಂಪುಗಳು ‘ಉಘೇ ಉಘೇ’ ಅನ್ನುತ್ತ ಬದಿಗೆ ಸರಿದು ದಾರಿ ಬಿಟ್ಟವು.

ಇಲ್ಲಿನ ಸೋಲಿಗರು ಹಿಂದೆ ಬಿದಿರಿನ ಬುಟ್ಟಿ, ಮೊರ ಹೆಣೆದು ಮಾರುತ್ತಿದ್ದರು. ಬಿದಿರು ಕಡಿಯುವುದಕ್ಕೆ ಕಟ್ಟುಪಾಡು ಬಂತು, ಬಿದಿರೂ ಕಡಿಮೆಯಾಯಿತು. 2004ರ ಸುಮಾರಿಗೆ ಏಟ್ರೀಯವರು ಲಂಟಾನದಲ್ಲಿ ಹೆಣೆಯುವ ತರಬೇತಿ ಶುರುಮಾಡಿದರು. ನಾವು ಹೋದಾಗ ಶೆಡ್ಡಿನ ಮುಂದೆ ಡ್ರಮ್ಮಿನಲ್ಲಿ ನೀರು ಕುದಿಯುತ್ತಿತ್ತು. ಕಡಿದು ತಂದ ಕಡ್ಡಿಗಳನ್ನು ಗಾತ್ರಕ್ಕೆ ತಕ್ಕಂತೆ ಕಟ್ಟು ಕಟ್ಟಿ ಬೇಯಿಸುತ್ತಾರೆ. ಬೆಂದ ಕಡ್ಡಿಯ ತೊಗಟೆ ಒಂದೇ ಎಳೆತಕ್ಕೆ ಬಿಡುತ್ತದೆ, ಕಡ್ಡಿ ಬೆತ್ತದ ಹಾಗೆ ಬಾಗುತ್ತದೆ. ಬಿಸಿ ಆರುವ ಮುಂಚೆ ಚೌಕಟ್ಟಿಗೆ ಬಾಗಿಸಿ ಮೊಳೆ ಹೊಡೆಯಬೇಕು, ತಡವಾದರೆ ಮುರಿಯುತ್ತದೆ. ಕುರ್ಚಿ, ಸ್ಟೂಲು, ಬುಟ್ಟಿ. ಗೆದ್ದಲು ಹಿಡಿಯುವುದಿಲ್ಲ. ಇಲ್ಲಿನವರು ಕಟ್ಟಿದ ಆಳೆತ್ತರದ ಲಂಟಾನ ಆನೆಗಳು 2024ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲೂ ನಿಂತಿದ್ದವು. ಆನೆಯ ಮೇವು ಮುಚ್ಚಿದ ಗಿಡದಲ್ಲೇ ಆನೆ.

ಮಧ್ಯವಯಸ್ಸಿನ ಒಬ್ಬರು ಸ್ಟೂಲಿನ ಕಾಲು ಬಿಗಿಯುತ್ತಿದ್ದರು. ಆನೆ ಕಟ್ಟುವಾಗ ಕಷ್ಟವಾದದ್ದು ಯಾವುದು ಅಂತ ಕೇಳಿದೆ. ‘ಕಿವಿ’ ಅಂದರು. ‘ಮೈ ಎಲ್ಲಾ ಸಲೀಸು. ಕಿವಿ ಒಂದೀಟು ಹೆಚ್ಚುಕಮ್ಮಿ ಆದ್ರೂ ಎಮ್ಮೆ ಆಯ್ತದ. ನಾವು ದಿನಾ ಆನೆ ನೋಡೋರು, ನಮ್ಮೂರ ಮಕ್ಕಳೇ ನಗಾಡ್ಬುಡ್ತವ.’

ಗೆಳತಿ ಅಂಗಡಿಗೆ ಎರಡು ಸ್ಟೂಲು, ಹತ್ತು ಬುಟ್ಟಿ ಹೇಳಿದಳು. ಮುಂಗಡ ಕೊಟ್ಟದ್ದಕ್ಕೆ ಇಲ್ಲೂ ಒಂದು ಪುಸ್ತಕ ಬಂತು, ರಟ್ಟಿನ ಬದಲು ಕ್ಯಾಲೆಂಡರ್ ಹಾಳೆ ಹೊದಿಸಿದ್ದು. ಅಂಗಡಿಯವಳ ಬುದ್ಧಿ, ‘ಎಲ್ಲಾ ಲಂಟಾನ ಕಡಿದು ಮುಗಿಸಿಬಿಟ್ರೆ ಆಮೇಲೆ ನಿಮ್ಮ ಕೆಲಸ ಹೆಂಗೆ?’ ಅಂತ ಕೇಳಿಯೇಬಿಟ್ಟಳು. ಅವರು ಸುತ್ತಿಗೆ ಕೆಳಗಿಟ್ಟು, ಶೆಡ್ಡಿನಿಂದ ಶುರುವಾಗಿ ಎದುರಿನ ಗುಡ್ಡದ ನೆತ್ತಿಯವರೆಗೆ ಹಬ್ಬಿದ್ದ ಪೊದೆಯ ಕಡೆ ಕೈ ಮಾಡಿದರು.

‘ನನ್ ಮಗ, ಅವ್ನ ಮಗ, ಅವ್ನ ಮಗ ಕೂತು ಮಾಡಿದ್ರೂ ಮುಗಿಯಾಕಿಲ್ಲ ಕನಕ್ಕ. ಮುಗುದ್ರ ಒಳ್ಳೇದೇಯ. ಬಿದಿರು ಬಂದದ, ಅದ್ರಲ್ಲಿ ಹೆಣೀತೀವಿ.’

ದಾಸೋಹದ ಹೊತ್ತು ಮೀರುತ್ತಿತ್ತು. ಸಾಲಿನಲ್ಲಿ ಕುಳಿತು ಅನ್ನ, ಸಾರು, ಪಾಯಸ ಉಂಡು, ಕತ್ತಲಾಗುವ ಮುಂಚೆ ಕೊಳ್ಳೇಗಾಲದಲ್ಲಿ ಒಬ್ಬ ವೆಲ್ಡಿಂಗಿನವನನ್ನು ಹುಡುಕಿಕೊಂಡು ಹೊರಟೆವು. ಅವನು ಬಗ್ಗಿ ನೋಡಿ, ‘ತಂತಿ ಚೆನ್ನಾಗಿ ಕಟ್ಟವ್ರ, ಇದ್ರಲ್ಲೇ ಮೈಸೂರ್ಗಂಟ ಹೋಗಿ’ ಅಂತ ದುಡ್ಡು ತೆಗೆದುಕೊಳ್ಳದೆ ಕಳಿಸಿದ.